ಮುಚ್ಚಳ ಸರಿಸಿದವಳು

ಹಡಗು ಕಟ್ಟುವ ಅಂಗಳದ ನಕ್ಷೆಕೋಣೆಯಲ್ಲಿ ಅವಳಿಗೆ ಗೆರೆಯಕ್ಕ ಎಂದೇ ಹೆಸರು. ಒಂದು ಗೆರೆ ಎಳೆಯುವ ಮುಂಚೆ ಆ ಜಾಗದಲ್ಲಿ ತಾನೇ ನಿಂತಿರುವ ಹಾಗೆ ಮೊಣಕೈ ಅಗಲಿಸಿ, ಕತ್ತು ಬಗ್ಗಿಸಿ ನೋಡುವುದು ಅವಳ ರೂಢಿ. ಪಕ್ಕದವರು ಮುಸಿಮುಸಿ ನಗುತ್ತಿದ್ದರು. ನಗಲಿ, ಅವಳಿಗೇನು.

ಆ ವರ್ಷದ ಸರಕು ಹಡಗಿನ ನಕ್ಷೆಯಲ್ಲಿ ಒಂದು ಮುಚ್ಚಳ ಅವಳ ಕಣ್ಣಿಗೆ ಚುಚ್ಚಿತು. ಇಂಧನದ ತೊಟ್ಟಿಗೆ ಆಳು ಇಳಿಯುವ ಬಾಯಿ ಅದು. ಇಕ್ಕಟ್ಟಿನ ಓಣಿಯಲ್ಲಿ, ದಪ್ಪ ಪೈಪೊಂದರ ಅಡಿಯಲ್ಲಿತ್ತು. ಮೈ ಕುಗ್ಗಿಸಿ ಬೆಕ್ಕಿನಂತೆ ನುಸುಳಬಹುದು, ಸರಿ. ಒಳಗಿನ ಘಾಟಿಗೆ ತಲೆ ತಿರುಗಿ ಬಿದ್ದವನನ್ನು ಸ್ಟ್ರೆಚರಿಗೆ ಕಟ್ಟಿ ಎತ್ತುವುದು ಹೇಗೆ? ತೊಟ್ಟಿ ತೊಳೆಯುವ ತಂಡದಲ್ಲಿದ್ದವನು ಅವಳ ಒಡಹುಟ್ಟಿದ ತಮ್ಮ. ಈ ತೊಟ್ಟಿಗೂ ಮೊದಲು ಇಳಿಯುವವನು ಅವನೇ.

"ಪೈಪಿನ ದಾರಿಗೆ ಆಗಲೇ ಒಪ್ಪಿಗೆ ಸಿಕ್ಕಿದೆ ಕಣಮ್ಮಾ," ಎಂದರು ನಕ್ಷೆಕೋಣೆಯ ಮುಖ್ಯಸ್ಥರು. "ಬರೋ ವಾರ ಉಕ್ಕು ಕತ್ತರಿಸ್ತಾರೆ. ಇಲ್ಲದ ತಲೆನೋವು ಯಾಕೆ ತಂದ್ಕೊಳ್ತೀಯ?"

"ತಲೆನೋವು ನನಗಿರಲಿ ಸಾರ್. ಊಟ ಆದ್ಮೇಲೆ ಬಡಗಿ ಶೆಡ್ಡಿಗೆ ಒಂದ್ಸಲ ಬನ್ನಿ."

ಬಡಗಿಯ ಬೆನ್ನಿಗೆ ಬಿದ್ದು, ಆ ಓಣಿ, ಬಾಯಿ, ಪೈಪು ಎಲ್ಲವನ್ನೂ ಹಳೇ ಪ್ಲೈವುಡ್ಡಿನಲ್ಲಿ ನಕ್ಷೆಯ ಅಳತೆಗೇ ಮಾಡಿಸಿಟ್ಟಿದ್ದಳು. ಅಲ್ಲಿಗೆ ಕರೆಸಿದ್ದ ತಮ್ಮನೇ ಸ್ಟ್ರೆಚರಿನ ಮೇಲೆ ಮಲಗಲು ಹೊರಟಾಗ ಮುಖ್ಯಸ್ಥರು ತಡೆದರು.

"ನೀನು ಬೇಡಪ್ಪ. ಅಕ್ಕ ಹೇಳ್ಕೊಟ್ಟ ಹಾಗೆ ಸಿಕ್ಕಿಹಾಕ್ಕೊಳ್ತೀಯ. ನಾನೇ ಮಲಗ್ತೀನಿ."

ಕಟ್ಟಿದರು, ಎಳೆದರು. ಭುಜ ಹೊರಬರುವಷ್ಟರಲ್ಲಿ ತಲೆ ಪೈಪಿಗೆ ತಗುಲಿತು. ಓರೆ ಮಾಡಿದರೆ ಕಾಲು ಸಿಕ್ಕಿಕೊಂಡಿತು. ಅಂಗಿಯಲ್ಲಿ ಕತ್ತು ಸಿಕ್ಕಿಸಿಕೊಂಡ ಮಗುವಿನ ಹಾಗೆ ಅರ್ಧ ಒಳಗೆ, ಅರ್ಧ ಹೊರಗೆ ಉಳಿದರು.

"ಸಾರ್, ಟೀ ಅಲ್ಲಿಗೇ ಕಳಿಸ್ಲಾ?" ಬಡಗಿ ಕೇಳಿದ.

ಶೆಡ್ಡಿಗೆ ಶೆಡ್ಡೇ ನಕ್ಕಿತು. ಗೆರೆಯಕ್ಕ ಮಾತ್ರ ಪೈಪು ಅವರ ಹಣೆಗೆ ಒತ್ತದಂತೆ ತನ್ನ ಅಂಗೈ ಅಡ್ಡ ಹಿಡಿದಿದ್ದಳು.

"ಇಲ್ಲಿ ಉಸಿರು ಕಟ್ಟಿದವನು ಇದ್ದಿದ್ರೆ..." ಮುಖ್ಯಸ್ಥರು ಪೈಪನ್ನೇ ದಿಟ್ಟಿಸಿದರು. "ಮೊದಲು ನನ್ನ ಬಿಡಿಸ್ರಪ್ಪಾ. ಆಮೇಲೆ ಮುಚ್ಚಳ ಎಲ್ಲಿಗೆ ಸರಿಸೋದು ಹೇಳಮ್ಮ," ಎಂದರು.

ಉತ್ತರ ಅವಳ ನಾಲಿಗೆ ತುದಿಯಲ್ಲೇ ಇತ್ತು. ಓಣಿಯ ಆಚೆ, ಬಿಸಿ ಯಂತ್ರಗಳಿಂದ ದೂರ, ನಾಲ್ಕು ಜನ ನಿಂತು ಕೈಯಾಡಿಸಬಹುದಾದ ಮೂಲೆ. ನೇರ ಮೇಲೆ, ರಾಟೆ ನೇತುಹಾಕಲು ಒಂದು ಕೊಂಡಿ.

ನಕ್ಷೆ ತಿದ್ದಿದ ಮೇಲೆಯೇ ಉಕ್ಕು ಕತ್ತರಿಸಿದರು; ತಿಂಗಳುಗಳ ಬಳಿಕ ಹಡಗು ಎದ್ದು ನಿಂತಿತು. ಇಂಧನ ತುಂಬುವ ಮುನ್ನ, ತೊಟ್ಟಿಯಲ್ಲಿ ಬಿದ್ದವನನ್ನು ಎತ್ತುವ ತಾಲೀಮು. ಈ ಸಲ ಸ್ಟ್ರೆಚರಿನಲ್ಲಿ ತಮ್ಮನೇ. ಹಗ್ಗ ಬಿಗಿಯಿತು, ರಾಟೆ ಒಂದೇ ಸಮ ತಿರುಗಿತು, ಬಾವಿಯಿಂದ ಕೊಡ ಬಂದಂತೆ ಅವನು ನೆಟ್ಟಗೆ ಮೇಲೆ ಬಂದ. ತಂಡದವರು ಕೈಗವಸಿನಲ್ಲೇ ಚಪ್ಪಾಳೆ ತಟ್ಟಿದರು. ಮುಖ್ಯಸ್ಥರದು ಎಲ್ಲರಿಗಿಂತ ಜೋರು.

ತಮ್ಮನು ಕಣ್ಣು ತೆರೆದ. "ಅಕ್ಕಾ, ಎಲ್ಲೂ ಏನೂ ತಗುಲಲಿಲ್ಲ ಕಣೇ."

ಅವಳು ಬಗ್ಗಿ ಅವನ ಎದೆಯ ಪಟ್ಟಿ ಬಿಚ್ಚಿದಳು. ಮುಖವೆಲ್ಲ ನಗು.

"ಹಾಗಾದ್ರೆ ಏಳು ಮತ್ತೆ. ಉಳಿದವರೂ ಇದರಲ್ಲಿ ಮಲಗಿ ಮೇಲೆ ಬಂದು ನೋಡ್ಲಿ."