ಡ್ರೋನ್ ಎಣಿಸಿದ ಬೆಳ್ಳಕ್ಕಿಗಳು

ನಾನು ಹೊಳೆನರಸೀಪುರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಕಟ್ಟಾಯದ ಕಡೆಯ ಒಂದು ಕೆರೆಯಲ್ಲಿ, ನೀರಿನ ನಡುವಿನ ಜಾಲಿ ಮರಗಳ ಮೇಲೆ ಗೂಡು ಕಟ್ಟುವ ಬೆಳ್ಳಕ್ಕಿಗಳನ್ನು ಪ್ರತಿ ಮಳೆಗಾಲದಲ್ಲೂ ಏರಿಯ ಮೇಲೆ ನಿಂತು ಎಣಿಸುವುದು ನನ್ನ ರೂಢಿ. ಹೋದ ವರ್ಷ ಕಂಪ್ಯೂಟರ್ ವಿಭಾಗದ ಸಹೋದ್ಯೋಗಿ, "ಕತ್ತು ಯಾಕೆ ನೋಯಿಸಿಕೊಳ್ತೀರಿ ಮೇಡಂ? ಡ್ರೋನಿಂದ ಫೋಟೊ ತೆಗೆದರೆ ಕಂಪ್ಯೂಟರೇ ಹಕ್ಕಿ ಗುರುತಿಸಿ ಲೆಕ್ಕ ಕೊಡ್ತದೆ" ಎಂದರು. ಅವರು ಮಂಗಳೂರಿನವರು. ಅನುಮತಿ ಪಡೆದು ಒಂದು ಭಾನುವಾರ ಬೆಳಿಗ್ಗೆಯೇ ಹೋದೆವು.

ಏರಿಯ ಪಕ್ಕದ ತೆಂಗಿನ ತೋಟದ ಯಜಮಾನಿ ನನಗೆ ಹಳೆಯ ಪರಿಚಯ. ಡ್ರೋನ್ ಕಂಡು ಹತ್ತಿರ ಬಂದರು.

"ಏನಪ್ಪಾ, ಅಕ್ಕಿ ಎಣ್ಸಾಕೆ ಬಂದ್ರಾ?"

"ಅಕ್ಕಿ ಅಲ್ಲಮ್ಮ, ಹಕ್ಕಿ," ಎಂದರು ಸಹೋದ್ಯೋಗಿ.

"ಅದೇ ಕಣಪ್ಪಾ, ನಾನೂ ಅಕ್ಕಿ ಅಂತಲೇ ಅಂದಿದ್ದು."

ಹಕ್ಕಿಗಳು ಬೆದರದಷ್ಟು ಎತ್ತರದಲ್ಲಿ ಡ್ರೋನ್ ಒಂದು ಸುತ್ತು ಹಾಕಿ ಇಳಿಯಿತು. ನಾನು ದುರ್ಬೀನಿನಲ್ಲಿ ಎಣಿಸಿದ್ದು ನೂರ ಮೂವತ್ತು. ಕಂಪ್ಯೂಟರ್ ಹೇಳಿದ್ದು ಇನ್ನೂರ ಹತ್ತು. ಇಷ್ಟು ವರ್ಷವೂ ಹೀಗೇ ತಪ್ಪು ಬರೆದೆನೇ ಎಂದು ನನಗೆ ಮುಜುಗರವಾಯಿತು. ಸಹೋದ್ಯೋಗಿಯ ಮುಖ ಅರಳಿತ್ತು.

ತೋಟದ ಅಮ್ಮ ಮನೆಗೆ ಕರೆದು ಕಾಫಿ ಕೊಟ್ಟರು. ಜಗಲಿಯಲ್ಲಿ ಕೂತು, ಕನ್ನಡಕ ಏರಿಸಿಕೊಂಡು ಲ್ಯಾಪ್‌ಟಾಪ್ ನೋಡಿದರು. ಪ್ರತಿ ಹಕ್ಕಿಯ ಸುತ್ತ ಕಂಪ್ಯೂಟರ್ ಹಳದಿ ಚೌಕ ಹಾಕಿತ್ತು. ಅವರು ಒಂದರ ಮೇಲೆ ಬೆರಳಿಟ್ಟು, "ಇದು ನೈದಿಲೆ ಹೂವ. ಇದೂವೆ. ಇದು ನಾನು ಒಣಗಾಕಿರೋ ಪಂಚೆ" ಎಂದರು.

ಸಹೋದ್ಯೋಗಿಯೇ ಮೊದಲು ನಕ್ಕರು. ಚಿತ್ರಗಳನ್ನೆಲ್ಲ ಕೂತು ತಿದ್ದಿದರೆ ಕಂಪ್ಯೂಟರ್ ಕಲಿಯುತ್ತದೆ, ಅದಕ್ಕೆ ವಾರಗಟ್ಟಲೆ ಬೇಕು ಎಂದರು.

"ಅಷ್ಟ್ಯಾಕೆ? ಒತ್ತೇರಿದ್ರೆ ಹೂವ ತಾನೇ ಮುಚ್ಕತದೆ. ಆಮೇಲೆ ಆರ್ಸಿ. ಪಂಚೆ ನಾನು ತಕ್ಕತೀನಿ."

ಇಪ್ಪತ್ತು ವರ್ಷ ಸಸ್ಯಶಾಸ್ತ್ರದವರ ಪಕ್ಕದ ಕೋಣೆಯಲ್ಲೇ ಕೂತ ನನಗೆ ಇದು ಹೊಳೆದಿರಲಿಲ್ಲ. ಬಿಸಿಲೇರಿದ ಮೇಲೆ ಮತ್ತೆ ಹಾರಿಸಿದೆವು. ಬಂದ ಲೆಕ್ಕ ನೂರ ಐವತ್ತೆರಡು. ನಾನು ಚೌಕಗಳನ್ನು ಒಂದೊಂದಾಗಿ ನೋಡಿದೆ. ಎಲ್ಲವೂ ಹಕ್ಕಿಗಳೇ. ಮರದ ಆಚೆ ಬದಿಯ ಗೂಡುಗಳು ಏರಿಯಿಂದ ನನಗೆ ಎಂದೂ ಕಂಡೇ ಇರಲಿಲ್ಲ. ಸೋತೆ ಅನ್ನಿಸಲಿಲ್ಲ, ಖುಷಿಯೇ ಆಯಿತು. ನನ್ನ ಪುಸ್ತಕದಲ್ಲಿ ಆ ಸಂಖ್ಯೆಯನ್ನೇ ಬರೆದೆ.

ಅಮ್ಮನಿಗೆ ಸಂಖ್ಯೆ ಬೇಕಿರಲಿಲ್ಲ. ಅವರ ಕಣ್ಣು ಒಂದು ಗೂಡಿನ ಮೇಲಿತ್ತು. ದೊಡ್ಡದು ಮಾಡಿ ತೋರಿಸಿದೆ. ತಾಯಿಯ ಪಕ್ಕ ಪುಕ್ಕ ಕೆದರಿದ ಮೂರು ಮರಿಗಳು ಬಾಯಿ ತೆರೆದು ಕೂತಿದ್ದವು.

"ಮೂರವ್ವೆ," ಎಂದರು ಮೆಲ್ಲಗೆ. "ಮದುವೆಯಾಗಿ ಬಂದಾಗಿಂದ ಈ ಮರ ಕೆಳಗಿಂದ್ಲೇ ನೋಡ್ತಿವ್ನಿ. ಗೂಡೊಳಗೆ ಇಂಗಿರ್ತದೆ ಅಂತ ಗೊತ್ತೇ ಇರ್ನಿಲ್ಲ."

ಆಮೇಲೆ ಒಳಗೆ ತಿರುಗಿ ಸೊಸೆಯನ್ನು ಕೂಗಿದರು. "ಒಲೆ ಆರಿಸ್ಬುಟ್ಟು ಬಾರವ್ವ, ಬಾಣಂತಿ ನೋಡುವಂತೆ."