ಚಪ್ಪಲಿಯೊಳಗಿನ ಹರಳು

ನನ್ನ ಎಡಗಾಲಿನ ಚಪ್ಪಲಿಯಲ್ಲಿ ಒಂದು ಕಲ್ಲಿನ ಹರಳಿದೆ. ಅದನ್ನು ಯಾರೂ ನೋಡಿಲ್ಲ, ನಾನೂ ನೋಡಿಲ್ಲ. ಆದರೂ ಇದೆ. ಸ್ವಲ್ಪ ನಡೆದರೆ ಸಾಕು, ಅಂಗಾಲಿನ ಮುಂಭಾಗದಲ್ಲಿ, ಬೆರಳುಗಳ ಬುಡದಲ್ಲಿ ಚುಚ್ಚುತ್ತದೆ. ಅಲ್ಲಿಂದ ಎರಡು ಬೆರಳಿಗೆ ಕರೆಂಟು ಹೊಡೆದಂತೆ ಉರಿ ಹರಿಯುತ್ತದೆ. ಚಪ್ಪಲಿ ಬಿಚ್ಚಿ ಝಾಡಿಸಿದರೆ ಏನೂ ಬೀಳುವುದಿಲ್ಲ. ಏನೂ ಬೀಳದಿರುವುದೇ ನನ್ನ ಸಂಶಯವನ್ನು ಹೆಚ್ಚಿಸಿತು.

ಸಂಶಯ ನನ್ನ ಕಸುಬಿನ ಗುಣ. ತಿಕೋಂಡಿಯಲ್ಲಿ ಕಿರಾಣಿ ಅಂಗಡಿ ಇಟ್ಟವನು ನಾನು. ಬೆಲ್ಲ ಬಂದರೆ ಮುರಿದು ನೋಡುತ್ತೇನೆ, ಶೇಂಗಾ ಬಂದರೆ ಚೀಲದ ತಳದವರೆಗೆ ಕೈ ಹಾಕುತ್ತೇನೆ. ಹಾಗಾಗಿ ಮೊದಲು ಅಂಗಡಿಯ ನೆಲದ ಫರಶಿಕಲ್ಲನ್ನು ಶಂಕಿಸಿದೆ, ಆಮೇಲೆ ಹೊಸ ಕೊಲ್ಹಾಪುರಿ ಚಪ್ಪಲಿಯನ್ನು, ಕೊನೆಗೆ ಹೆಂಡತಿ ಕಸ ಗುಡಿಸುವ ರೀತಿಯನ್ನು. ಕೊನೆಯದನ್ನು ಬಾಯಿಬಿಟ್ಟು ಹೇಳಿಬಿಟ್ಟೆ. ಅಂದು ಚಹಾ ಬರಲೇ ಇಲ್ಲ.

ನಮ್ಮಲ್ಲಿ ಪಾದಕ್ಕಿರುವ ಮರ್ಯಾದೆ ಸಣ್ಣದಲ್ಲ. ಅಯ್ಯನವರ ಪಾದ ತೊಳೆದ ನೀರನ್ನು ಪಾದೋದಕವೆಂದು ಕಣ್ಣಿಗೊತ್ತಿಕೊಂಡು ಸೇವಿಸುತ್ತೇವೆ. ಆದರೆ ಪಾದವನ್ನು ಹೊತ್ತು ಸವೆಯುವ ಚಪ್ಪಲಿಯನ್ನು ಕೈಗೆ ತೆಗೆದುಕೊಂಡರೆ ಮುಗಿಯಿತು, ಅದು ಜಗಳವೇ. ಇದನ್ನು ನಾನು ಮರೆತದ್ದು ಕರಜಗಿಯಲ್ಲಿ.

ಮಗಳು ಸವಿತಾಳಿಗೆ ಅಲ್ಲಿಯ ಸಿದ್ರಾಮಪ್ಪನವರ ಮಗನನ್ನು ನೋಡಿದ್ದೆವು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿದ್ದರು. ನಾನು ಮನೆ ನೋಡಲು ಹೋಗಿ, ಚಹಾ ಕುಡಿದು, ಮಾತು ಮುಗಿಸಿ ಹೊರಟೆ. ಬೀಳ್ಕೊಡಲು ಇಡೀ ಮನೆಯೇ ಗೇಟಿನವರೆಗೆ ಬಂದಿತ್ತು. ಅಲ್ಲಿಯೇ ಹರಳು ಚುಚ್ಚಿತು. ತಡೆಯಲಾರದೆ ಚಪ್ಪಲಿ ಬಿಚ್ಚಿ ಅವರ ಗೇಟಿನ ಕಂಬಕ್ಕೆ ಪಟಪಟ ಬಡಿದೆ. ಏನೂ ಬೀಳಲಿಲ್ಲ. ನನ್ನ ಸ್ವಭಾವ ನೋಡಿ, ಮತ್ತೊಮ್ಮೆ ಬಡಿದೆ.

ಮರುದಿನ ಸಂಬಂಧ ಕೂಡಿಸಿದ್ದ ಹಿರಿಯರ ಮೂಲಕ ಸಿದ್ರಾಮಪ್ಪನವರ ಮಾತು ಬಂತು: "ನಮ್ಮ ಬಾಗಲದಾಗ ಚಪ್ಪಲ್ ಝಾಡಿಸಿ ಹೋದವರ ಮನಿ ಹೆಣ್ಣು ನಮಗ ಬ್ಯಾಡ."

ಸವಿತಾ ಅಳಲಿಲ್ಲ. "ಅಪ್ಪಾ, ನಿನ್ನ ಹರಳ ನನ್ನ ಲಗ್ನದಾಗ ಯಾಕ ಹಾಕಿದಿ?" ಎಂದಳು. ಕಾಲಿನ ನೋವಿಗಿಂತ ಆ ಮಾತು ನನ್ನನ್ನು ಹೆಚ್ಚು ನೋಯಿಸಿತು.

ಅವಳೇ ನನ್ನನ್ನು ಬಿಜಾಪುರದ ಡಾಕ್ಟರ ಬಳಿ ಕರೆದೊಯ್ದಳು. ಅವರು ಪಾದದ ಮುಂಭಾಗವನ್ನು ಎರಡೂ ಕಡೆಯಿಂದ ಹಿಚುಕಿದರು, ನಾನು ಚೀರಿದೆ. "ಬೆರಳಿನ ನಡುವಿನ ನರ ದಪ್ಪ ಆಗೇತ್ರಿ, ಹರಳಿಲ್ಲ ಏನಿಲ್ಲ," ಎಂದರು. ಒಂದು ಎಕ್ಸ್‌ರೇ ಫೋಟೋ ಕೂಡ ತೆಗೆಸದ ಡಾಕ್ಟರನ್ನು ನಂಬುವುದು ಹೇಗೆ? ಮುಂಭಾಗ ಅಗಲವಿರುವ ಮೆತ್ತನೆಯ ಬೂಟು ಹಾಕಬೇಕಂತೆ, ಕಡಿಮೆಯಾಗದಿದ್ದರೆ ಸೂಜಿ ಚುಚ್ಚಬೇಕಂತೆ. ಕೊಂಡು ತಂದ ಬೂಟಿನೊಳಗೆ ಮೆತ್ತೆಯಂಥ ಒಂದು ಪುಟ್ಟ ಗಾದಿಯನ್ನೂ ಅಂಟಿಸಿದರು, ಅದೂ ನೋವಿರುವ ಜಾಗದಲ್ಲಲ್ಲ, ಅದರ ಹಿಂದೆ. ಇಲ್ಲದ ಹರಳನ್ನು ತೆಗೆಸಲು ಹೋದವನಿಗೆ ಇರುವ ಹರಳೊಂದನ್ನು ಇಟ್ಟು ಕಳಿಸಿದಂತಾಯಿತು. ವಿಚಿತ್ರವೆಂದರೆ ಕೆಲವೇ ದಿನಗಳಲ್ಲಿ ಉರಿ ಇಳಿಯತೊಡಗಿತು. ಅದರ ಮೇಲೂ ನನಗೆ ಸಂಶಯವಿತ್ತು.

"ಬಾಯಿಲೆ ಹೇಳಬ್ಯಾಡ, ಕಾಲ ತೋರ್ಸು," ಎಂದು ಮಗಳು ಮತ್ತೆ ಕರಜಗಿಗೆ ಅಟ್ಟಿದಳು. ಸಿದ್ರಾಮಪ್ಪನವರು ಒಳಗೇನೋ ಕರೆದರು, ಆದರೆ ಮುಖ ಬಿಗಿದೇ ಇತ್ತು. ಮಗಳ ಮಾತು ಮರೆತು ಡಾಕ್ಟರು ಹೇಳಿದ್ದನ್ನೆಲ್ಲ ಬಾಯಲ್ಲೇ ಹೇಳಿದೆ.

"ಇಲ್ಲದ ಹರಳ ಹ್ಯಾಂಗ ಚುಚ್ಚತೈತ್ರಿ?" ಎಂದು ಕೇಳಿದರು.

ಬೀಗರಾಗಬೇಕಾದವರ ಎದುರು ಕಾಲು ಚಾಚಿದೆ. "ಇಲ್ಲಿ ಹಿಚುಕಿ ನೋಡ್ರಿ," ಎಂದೆ. ಹಿಚುಕಿದರು. ನನ್ನ ಚೀರಾಟಕ್ಕೆ ಒಳಗಿನ ಹೆಂಗಸರು ಬಾಗಿಲಿಗೆ ಬಂದರು. ಸಿದ್ರಾಮಪ್ಪನವರು ನನ್ನ ಮುಖವನ್ನೇ ನೋಡಿ, ಮತ್ತೊಮ್ಮೆ ಹಿಚುಕಿದರು. ಆಗ ನನಗೆ ಆ ಮನುಷ್ಯನ ಮೇಲೆ ಪೂರ್ತಿ ಭರವಸೆ ಬಂತು. ಇವರು ನನ್ನಂಥವರೇ, ಮಗಳು ಒಳ್ಳೆಯ ಮನೆಗೇ ಹೋಗುತ್ತಾಳೆ ಎನಿಸಿತು.

"ಖರೇನ ನೋವೈತ್ರಿ. ನಾವ ತಪ್ಪ ತಿಳಕೊಂಡ್ವಿ. ಲಗೂನ ಲಗ್ನದ ದಿನಾ ನೋಡೂಣು," ಎಂದರು.

ಹೊರಡುವಾಗ ಬೂಟು ಹಾಕಿಕೊಳ್ಳಲು ಬಗ್ಗಿದೆ. "ತಡೀರಿ, ನಾ ನೋಡತೀನಿ," ಎಂದು ಅವರೇ ಎಡಗಾಲಿನದನ್ನು ಎತ್ತಿ ತಮ್ಮ ಗೇಟಿನ ಕಂಬಕ್ಕೆ ಬಡಿದರು. ಏನೂ ಬೀಳಲಿಲ್ಲ. ಒಳಗೆ ಕೈ ಹಾಕಿ ತಡವಿದರು. ಅವರ ಮುಖ ಅರಳಿತು.

"ಸಿಕ್ತ ನೋಡ್ರಿ ನಿಮ್ಮ ಹರಳ!" ಎಂದು ಡಾಕ್ಟರ ಗಾದಿಯನ್ನು ಕಿತ್ತು ತಿಪ್ಪೆಗೆ ಎಸೆದರು.

ಈಗಷ್ಟೇ ಬೀಗರಾದವರಿಗೆ ನಾನೇನು ಹೇಳಲಿ? "ಭಾಳ ಹಗುರಾತ್ರಿ," ಎಂದೆ. ಮತ್ತು ಓಣಿಯ ತಿರುವು ದಾಟುವವರೆಗೆ ಕುಂಟದೆ ನಡೆದೆ.