ಬಿಸಿ ತಾಗದ ತಟ್ಟೆ

ಆಪತ್ತು ಬಂದಾಗಲೇ ಜೀವಿಯ ನಿಜವಾದ ಸ್ವಭಾವ ಗೊತ್ತಾಗುವುದು. ನಾನಾದರೆ ಆಪತ್ತಿನಲ್ಲಿ ಎರಡು ಇಡ್ಲಿ ಹೆಚ್ಚು ತಿನ್ನುತ್ತೇನೆ. ಆದ್ದರಿಂದ ಈ ಘನವಾದ ಮಾತನ್ನು ಜೀವಕೋಶಗಳಿಗೇ ಬಿಟ್ಟುಕೊಡುವುದು ಮೇಲು.

ಜೀವಕೋಶಕ್ಕೆ ಕಾವು ಹೆಚ್ಚಾದರೆ ಅದು ಮೊದಲು ಅಡುಗೆ ನಿಲ್ಲಿಸುತ್ತದೆ. ಯಾವ ಪ್ರೋಟೀನು ಮಾಡಬೇಕೆಂಬ ಆದೇಶ ಹೊತ್ತು ತಿರುಗುವ ಸಂದೇಶವಾಹಕ ಆರ್‌ಎನ್‌ಎಗಳನ್ನು ಹಿಡಿದು, ಸಣ್ಣ ಸಣ್ಣ ಮುದ್ದೆಗಳಾಗಿ ಒಂದು ಕಡೆ ಕೂರಿಸುತ್ತದೆ. ಕಾವು ಇಳಿದ ಮೇಲೆ ಬಿಡುಗಡೆ. ಮದರಾಸಿನ ಗಿಂಡಿ ಬಡಾವಣೆಯ ಒಂದು ಪ್ರಯೋಗಾಲಯದಲ್ಲಿ ಈ ಮುದ್ದೆಗಳನ್ನು ಎಣಿಸುವುದೇ ನನ್ನ ಉದ್ಯೋಗ. ಮನೆಯಲ್ಲಿ ಕೇಳುವವರು ಯಾರೂ ಇಲ್ಲದ್ದರಿಂದ ವಿವರಿಸುವ ಕಷ್ಟವಿರಲಿಲ್ಲ.

ಅದು ಮೇ ತಿಂಗಳ ಒಂದು ಭಾನುವಾರ. ಯೋಜನೆಯನ್ನು ಇನ್ನೊಂದು ವರ್ಷ ನಡೆಸಬೇಕೋ ಬೇಡವೋ ಎಂದು ಮರುದಿನ ಸಭೆ. ಯೋಜನೆ ನಿಂತರೆ ಬೆಳಗ್ಗೆ ಎದ್ದು ಹೋಗಲು ನನಗೊಂದು ಜಾಗವಿರುವುದಿಲ್ಲ. ಜೀವಕೋಶ ಬೆಳೆಸಿದ ಪುಟ್ಟ ತಟ್ಟೆಗಳು ಎರಡು. ಬಿಸಿ ಮಾಡಿದ ತಟ್ಟೆಯಲ್ಲಿ ಮುದ್ದೆ ಇರಬೇಕು, ಮಾಡದ ತಟ್ಟೆಯಲ್ಲಿ ಇರಬಾರದು. ಇಷ್ಟನ್ನು ಚಿತ್ರದಲ್ಲಿ ತೋರಿಸಿದರೆ ಸಾಕಿತ್ತು. ನಾಲ್ಕು ಮಹಡಿಯಲ್ಲೂ ನರಪಿಳ್ಳೆ ಇಲ್ಲ. ಅಂಥ ದಿನ ಕನ್ನಡದಲ್ಲಿ ನಾನು ಮಾತಾಡುತ್ತಿದ್ದುದು ಜೀವಕೋಶಗಳ ಹತ್ತಿರ. ಅವು ತಮಿಳಿನಲ್ಲಿ ಉತ್ತರಿಸುತ್ತಿರಲಿಲ್ಲ ಎಂಬುದೇ ಒಂದು ಸಮಾಧಾನ.

ಬಿಸಿ ತಾಗದ ತಟ್ಟೆಯಲ್ಲೂ ಮುದ್ದೆಗಳಿದ್ದವು. ಬೇಕಾದಷ್ಟು.

ಮಧ್ಯಾಹ್ನ ಕಿರಿಯ ಸಂಶೋಧಕಿಯೊಬ್ಬಳು ತನ್ನ ಕೆಲಸಕ್ಕೆಂದು ಬಂದಳು. ಮೂರು ತಲೆಮಾರಿನಿಂದ ಮದರಾಸಿನಲ್ಲಿರುವ ಕನ್ನಡದ ಮನೆಯವಳು. ನಮ್ಮ ಮಾತು ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳು.

"ಇದಕ್ಕೇನು ಕಷ್ಟ ಬಂತಮ್ಮ? ನಾನು ಬಿಸಿ ತೋರಿಸಿಯೇ ಇಲ್ಲ."

ಅವಳು ತಟ್ಟೆಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು. "ನೀಂಗ ಸ್ವೆಟರ್ ಪೋಟ್ಟಿರುಕೀಂಗ, ಸಾರ್. ಅದುಕ್ಕು ಯಾರು ಪೋಟ್ಟಾಂಗ?"

ನೀವೇನೋ ಸ್ವೆಟರ್ ಹಾಕಿಕೊಂಡಿದ್ದೀರಿ, ಅದಕ್ಕೆ ಹಾಕಿದವರು ಯಾರು ಅಂತ. ಸೂಕ್ಷ್ಮದರ್ಶಕದ ಆರೋಗ್ಯಕ್ಕಾಗಿ ಆ ಕೋಣೆಯ ಎ.ಸಿ. ಸದಾ ಹಿಮಾಲಯದಂತಿರುತ್ತದೆ. ಅದರ ಗಾಳಿಗೆ ನೇರವಾಗಿ ನಾನು ಬೆಳಗಿನಿಂದ ಆ ತಟ್ಟೆ ಇಟ್ಟಿದ್ದೆ. ಜೀವಕೋಶಕ್ಕೆ ಚಳಿಯೂ ಆಪತ್ತೇ. ಇಪ್ಪತ್ತೆರಡು ವರ್ಷದ ಮದರಾಸು ವಾಸದಲ್ಲಿ ಚಳಿ ಎಂಬುದೊಂದು ಇದೆಯೆಂದು ಲೆಕ್ಕಕ್ಕೆ ತೆಗೆದುಕೊಳ್ಳುವ ಅಭ್ಯಾಸವೇ ನನಗೆ ತಪ್ಪಿಹೋಗಿತ್ತು, ಸ್ವೆಟರಿನ ಗುಂಡಿ ಹಾಕಿಕೊಳ್ಳುವಾಗಲೂ.

ಹೊಸ ತಟ್ಟೆ ಬೆಳೆಸಲು ಎರಡು ದಿನ ಬೇಕು. "ಅಂದ ಪಡತ್ತೆ ಮಟ್ಟುಂ ಕಾಟ್ಟಾದೀಂಗ, ಸಾರ್," ಎಂದಳು. ಬಿಸಿ ತಾಗದ ತಟ್ಟೆಯ ಆ ಒಂದು ಚಿತ್ರ ತೋರಿಸಬೇಡಿ ಅಂತ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅವಳು ಹೋದ ಮೇಲೆ ಕತ್ತಲಾಗುವವರೆಗೂ ಎಣಿಸಿದೆ, ಎರಡೂ ತಟ್ಟೆಯ ಮುದ್ದೆಗಳನ್ನು.

ಸೋಮವಾರ ಎರಡು ಚಿತ್ರವನ್ನೂ ತೋರಿಸಿದೆ. ಯೋಜನೆ ಮುಂದುವರಿಯಲಿಲ್ಲ.